ಎರಡು ಮಾತಿನ ರೇಟು

ನನ್ನ ಅಂಗಡಿಗೆ ಬಂದು ಯಾರು ಏನು ಕೇಳಿದರೂ ರೇಟು ಹೇಳುವುದಕ್ಕೆ ನನಗೆ ಒಂದು ಉಸಿರು ಸಾಕು. ಝೆರಾಕ್ಸ್ ಒಂದು ಬದಿಗೆ ಎರಡು ರೂಪಾಯಿ, ಸ್ಪೈರಲ್ ಬೈಂಡಿಂಗ್ ನಲವತ್ತು, ಕನ್ನಡ ಟೈಪಿಂಗ್ ಪುಟಕ್ಕೆ ಮೂವತ್ತು, ಹಸ್ತಾಕ್ಷರ ಕೋಳಿ ಕೆದಕಿದಂತಿದ್ದರೆ ಮೂವತ್ತೈದು. ಮೂಡಲಪಾಳ್ಯದಲ್ಲಿ ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಬಾಡಿಗೆ ಕರಾರು ಟೈಪ್ ಮಾಡಿಸಲು ಬಂದವರು "ಆಂಟಿ, ಐದು ರೂಪಾಯಿ ಕಮ್ಮಿ ಮಾಡ್ಕೊಳ್ಳಿ" ಎಂದರೆ "ನಮ್ಗೆ ಕರೆಂಟ್ ಬಿಲ್ ಕಮ್ಮಿ ಮಾಡ್ತಾರಾ?" ಎಂದು ಕೇಳುವಷ್ಟು ಬಾಯಿ ನನಗಿದೆ. ಗಂಡನ ಪ್ರಕಾರ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇದೆ. ಅಂಥ ನಾನು ಒಂದು ಕೆಲಸಕ್ಕೆ ಮಾತ್ರ ನಾಲ್ಕು ವರ್ಷ ರೇಟು ಹೇಳದೆ ಬಾಯಿ ಹೊಲಿದುಕೊಂಡು ಕೂತಿದ್ದೆ. ಕನ್ನಡ ಪುಸ್ತಕಗಳ ಬಗ್ಗೆ ವಿಡಿಯೋ ಮಾಡುವ ಕೆಲಸ ಅದು.

ಶುರುವಾದದ್ದು ಕೊರೊನಾ ಕಾಲದಲ್ಲಿ. ಅಂಗಡಿ ಮುಚ್ಚಿತ್ತು, ಕೈ ಸುಮ್ಮನಿರುತ್ತಿರಲಿಲ್ಲ. ಮನೆಯಲ್ಲಿ ನಾನೇ ಟೈಪ್ ಮಾಡಿಕೊಟ್ಟಿದ್ದ ಪುಸ್ತಕಗಳ ರಾಶಿಯೇ ಇತ್ತು. ಟೈಪ್ ಮಾಡಿದರೆ ಪುಸ್ತಕ ಓದಿದಂತಾಗುವುದಿಲ್ಲ ಎನ್ನುವುದು ಹೊರಗಿನವರಿಗೆ ಗೊತ್ತಿಲ್ಲ. ಕಣ್ಣು ಅಕ್ಷರ ನೋಡುತ್ತದೆ, ಬೆರಳು ಓಡುತ್ತದೆ, ಕಥೆ ಪಕ್ಕದಲ್ಲೇ ಹಾದುಹೋಗುತ್ತದೆ. ಹಾಗೆ ಹಾದುಹೋಗಿದ್ದ ಒಂದು ಕಾದಂಬರಿಯನ್ನು ಆಗ ಕೂತು ಓದಿದೆ. ಓದಿ ಮುಗಿಸಿದ ಮೇಲೆ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ ಅನಿಸಿತು. ಗಂಡ ಪೀಣ್ಯದ ಕಾರ್ಖಾನೆಯಲ್ಲಿ ಟರ್ನರ್, ಅವರು ಪೇಪರ್ ಬಿಟ್ಟರೆ ಬೇರೇನೂ ಓದುವವರಲ್ಲ. ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ಮೇಲೆ ಫೋನ್ ಒರಗಿಸಿಟ್ಟು, ಫೋನಿಗೇ ಹೇಳಿದೆ. ಅದನ್ನು ಜನ ನೋಡಿದರು. ನನಗೇ ಆಶ್ಚರ್ಯವಾಗುವಷ್ಟು ಜನ.

ಎರಡು ನಿಮಿಷದ ವಿಡಿಯೋ ಎಂದರೆ ಎರಡು ನಿಮಿಷದ ಕೆಲಸ ಎಂದೇ ಎಲ್ಲರೂ ತಿಳಿಯುತ್ತಾರೆ. ಪುಸ್ತಕವನ್ನು ಒಮ್ಮೆ ಸುಮ್ಮನೆ ಓದಬೇಕು, ಇನ್ನೊಮ್ಮೆ ಪೆನ್ಸಿಲ್ ಹಿಡಿದು ಓದಬೇಕು. ಇಪ್ಪತ್ತು ನಿಮಿಷ ಹೇಳಬೇಕೆನಿಸಿದ್ದನ್ನು ಕತ್ತರಿಸಿ ಎರಡಕ್ಕೆ ತರಬೇಕು. ಭಾನುವಾರ ಮಧ್ಯಾಹ್ನ ತಾರಸಿಯಲ್ಲಿ ನಿಂತರೆ ಪಕ್ಕದ ಮನೆಯ ಕುಕ್ಕರ್ ಕೂಗುತ್ತದೆ, ಅದು ನಿಂತರೆ ತರಕಾರಿ ಗಾಡಿಯ ಮೈಕು ಶುರುವಾಗುತ್ತದೆ, ಅದು ಮುಂದಿನ ಕ್ರಾಸಿಗೆ ಹೋಯಿತು ಎನ್ನುವಷ್ಟರಲ್ಲಿ ನಾನು ಹೇಳಬೇಕಾದದ್ದು ಮರೆತಿರುತ್ತದೆ. ಆಮೇಲೆ ಅದನ್ನು ಫೋನಿನಲ್ಲೇ ಜೋಡಿಸುವಾಗ ಕತ್ತು ಹಿಡಿದುಕೊಳ್ಳುತ್ತದೆ. ಭಾನುವಾರ ಅರ್ಧ ದಿನ ಅಂಗಡಿ ಮುಚ್ಚಿದರೆ ಪ್ರಾಜೆಕ್ಟ್ ಬೈಂಡಿಂಗಿಗೆ ಬರುವ ಕಾಲೇಜು ಹುಡುಗರೆಲ್ಲ ಎದುರಿನ ಅಂಗಡಿಗೆ ಹೋಗುತ್ತಾರೆ.

ಆದರೂ ಮಾಡುತ್ತಿದ್ದೆ. ಯಾಕೆ ಎಂದರೆ, ಒಂದು ದಿನ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಒಬ್ಬ ಡೆಲಿವರಿ ರೈಡರ್ ಅಂಗಡಿಗೆ ಬಂದ. ಲೈಸೆನ್ಸ್ ಝೆರಾಕ್ಸ್ ಮಾಡಿಸಬೇಕಿತ್ತು. ಗದಗದ ಕಡೆಯವನು, ಮೂವತ್ತರ ಆಸುಪಾಸು, ಇಲ್ಲೇ ಹಿಂದಿನ ಬೀದಿಯಲ್ಲಿ ಮೂವರು ಸ್ನೇಹಿತರೊಂದಿಗೆ ಒಂದು ರೂಮಿನಲ್ಲಿ ಇರುವವನು. ನಾನು "ಎಷ್ಟು ಕಾಪಿ?" ಎಂದದ್ದೇ ತಡ, ನನ್ನ ಮುಖ ನೋಡಿ, "ಅಕ್ಕಾರ, ನೀವು ಪುಸ್ತಕದ ವಿಡಿಯೋ ಮಾಡ್ತೀರಲ್ರಿ? ದನಿ ಕೇಳಿ ಗೊತ್ತಾತು" ಎಂದ. ಹೋಟೆಲ್ಲಿನ ಮುಂದೆ ಆರ್ಡರ್ ಕಾಯುವಾಗ ಓದುತ್ತಾನಂತೆ. ತಿಂಗಳಿಗೆ ಒಂದು ಪುಸ್ತಕ ಕೊಳ್ಳುತ್ತಾನೆ, ಅದು ನಾನು ಹೇಳಿದ್ದೇ. ಅವತ್ತು ಅವನಿಂದ ಝೆರಾಕ್ಸಿನ ದುಡ್ಡು ತಗೊಳ್ಳಲಿಲ್ಲ. ಆಮೇಲೂ ಏನಾದರೊಂದು ಕೆಲಸ ಹಿಡಿದುಕೊಂಡು ಆಗಾಗ ಬರುತ್ತಿದ್ದ.

ಪುಸ್ತಕ ಕಳಿಸುವವರು ಹೆಚ್ಚಾದರು. ಮೊದಲ ಪುಟದಲ್ಲಿ "ಪ್ರೀತಿಯಿಂದ", "ವಿಶ್ವಾಸದಿಂದ" ಎಂದು ಸಹಿ, ಜೊತೆಗೆ ಒಂದು ಮೆಸೇಜು: "ಮೇಡಂ, ಪುರುಸೊತ್ತಾದಾಗ ಎರಡು ಮಾತು ಹೇಳಿ." ನನ್ನ ಪುರುಸೊತ್ತು ಇವರಿಗೆ ಎಲ್ಲಿ ಕಂಡಿತೋ ಕಾಣೆ. ಬೀರುವಿನ ಮೇಲೆ, ಮಂಚದ ಕೆಳಗೆ, ಅಕ್ಕಿ ಡ್ರಮ್ಮಿನ ಪಕ್ಕ ಎಲ್ಲ ಕಡೆ ಗೌರವ ಪ್ರತಿಗಳು.

ಅವರಲ್ಲಿ ಒಬ್ಬರ ವಿಷಯ ಬೇರೆ. ರಾಜಾಜಿನಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಪುಸ್ತಕ ಪ್ರಕಾಶನ ನಡೆಸುವ ಹಿರಿಯರು, ಎಪ್ಪತ್ತು ದಾಟಿದವರು. ಹನ್ನೆರಡು ವರ್ಷದಿಂದ ಅವರ ಪುಸ್ತಕಗಳನ್ನು ಟೈಪ್ ಮಾಡುವುದು ನಾನೇ. ನನ್ನ ಅಂಗಡಿಯ ಕೆಲಸದಲ್ಲಿ ಮೂರನೇ ಒಂದು ಪಾಲು ಅವರದು. ಶುರುವಿನಲ್ಲಿ ನನ್ನ ಪುಟಗಳ ತುಂಬ ಕೆಂಪು ಶಾಯಿ ಹೊಡೆದು, ಪಕ್ಕದಲ್ಲಿ ಕೂರಿಸಿಕೊಂಡು, ಸಾಲು ಎಲ್ಲಿ ಮುರಿಯಬೇಕು ಎನ್ನುವುದನ್ನು ಹೇಳಿಕೊಟ್ಟವರು. ಮಗಳ ಕಾಲೇಜು ಫೀಸಿಗೆ ಅಡ್ವಾನ್ಸ್ ಕೇಳಿದಾಗ ಯಾಕೆ ಎಂದು ಕೇಳದೆ ಕೊಟ್ಟವರು. ಟೈಪಿಂಗ್ ರೇಟಿನಲ್ಲಿ ಪುಟಕ್ಕೆ ಎರಡು ರೂಪಾಯಿಗೆ ಅರ್ಧ ಗಂಟೆ ಜಗ್ಗಾಡುತ್ತಿದ್ದರು, ಆದರೆ ಒಪ್ಪಿದ್ದನ್ನು ಒಂದು ದಿನವೂ ತಡ ಮಾಡಿದವರಲ್ಲ. ಅದೇ ಪುಸ್ತಕದ ಬಗ್ಗೆ ನಾನು ವಿಡಿಯೋ ಮಾಡಿದರೆ ಮಾತ್ರ ಅದಕ್ಕೆ ರೇಟು ಎನ್ನುವುದೇ ಇರಲಿಲ್ಲ. ನಾನೂ ಕೇಳಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

ನನ್ನ ಒಂದು ವಿಡಿಯೋದಿಂದ ಅವರ ಒಂದು ಕಾದಂಬರಿಯ ಪ್ರತಿಗಳೆಲ್ಲ ಖರ್ಚಾಗಿ ಎರಡನೇ ಮುದ್ರಣ ಬಂತು. ವಿಜಯನಗರದ ಒಂದು ಸಣ್ಣ ಹಾಲಿನಲ್ಲಿ ಸಮಾರಂಭ ಇಟ್ಟುಕೊಂಡು ನನ್ನನ್ನೂ ವೇದಿಕೆಗೆ ಕರೆದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. "ಈ ತಾಯಿ ಮಾಡ್ತಿರೋದು ಕನ್ನಡದ ಸೇವೆ" ಎಂದು ಮೈಕಿನಲ್ಲಿ ಹೇಳಿದರು, ಚಪ್ಪಾಳೆ ಬಿತ್ತು. ವೇದಿಕೆ ಇಳಿದು ಉಪ್ಪಿಟ್ಟು ತಿನ್ನುವಾಗ ನೋಡಿದರೆ, ಅಡುಗೆಯವರು ಬಾಕಿ ಎಣಿಸಿಕೊಳ್ಳುತ್ತಿದ್ದರು, ಮೈಕ್ ಸೆಟ್ಟಿನವನು ಎಣಿಸಿಕೊಳ್ಳುತ್ತಿದ್ದ, ಫೋಟೋದವನು ಎಣಿಸಿಕೊಳ್ಳುತ್ತಿದ್ದ. ಹಣ್ಣಿನ ಬುಟ್ಟಿ ಹಿಡಿದುಕೊಂಡು ನಿಂತವಳು ನಾನೊಬ್ಬಳೇ. ಆಟೋದಲ್ಲಿ ಮನೆಗೆ ಬರುವಾಗ ಆ ಶಾಲು ಕುತ್ತಿಗೆಗೆ ಚುಚ್ಚುತ್ತಿತ್ತು. ನನಗೆ ಸಿಟ್ಟು ಬಂದಿತ್ತು. ಮೂರು ದಿನ ಆ ಸಿಟ್ಟಿನಲ್ಲೇ ಝೆರಾಕ್ಸ್ ಮಿಷನ್ನಿನ ಟ್ರೇ ದಡಾರೆಂದು ಮುಚ್ಚಿದೆ.

ನಾಲ್ಕನೇ ದಿನ ಅವರ ಮುಂದಿನ ಪುಸ್ತಕ ಬಂತು, ಎರಡು ಮಾತು ಹೇಳಿ ಎನ್ನುವುದರ ಜೊತೆಗೇ. ಈ ಸಲ ಕೇಳಿಯೇ ಬಿಡಬೇಕು ಎಂದು ಫೋನ್ ತೆಗೆದುಕೊಂಡೆ. ಮೊತ್ತ ಬರೆದೆ, ಅಳಿಸಿದೆ. ಇನ್ನೂ ಕಮ್ಮಿ ಮೊತ್ತ ಬರೆದೆ, ಅದನ್ನೂ ಅಳಿಸಿದೆ. ಕೊನೆಗೆ ಬರೆದದ್ದು ಹೀಗೆ: "ಸಾರ್, ವಿಡಿಯೋ ಮಾಡೋದಕ್ಕೆ ತುಂಬ ಸಮಯ ಹಿಡಿಯುತ್ತೆ. ನಿಮಗೆ ತೋಚಿದಷ್ಟು ಕೊಡಿ." ಸತ್ಯನಾರಾಯಣ ಪೂಜೆ ಮಾಡಿಸಲು ಬಂದ ಪುರೋಹಿತರು ದಕ್ಷಿಣೆಗೆ ಹೇಳುವ ಮಾತು. ನನ್ನಂಥ ಬಾಯಿ ಇರುವವಳೂ ದೊಡ್ಡವರ ಎದುರು ದುಡ್ಡಿನ ಮಾತು ಬಂದರೆ ಹೀಗೇ ಆಡುತ್ತಾಳೆ. ಕಳಿಸಿದ ಮೇಲೆ ತಲೆ ಚಚ್ಚಿಕೊಂಡೆ.

ಅವರಿಗೆ ತೋಚಿದ್ದು ಎರಡು ದಿನದಲ್ಲಿ ಬಂತು. ಪ್ರೂಫ್ ಕಟ್ಟಿನ ಜೊತೆ ಒಂದು ಮುಯ್ಯಿ ಕವರು. ಗುಲಾಬಿ ಬಣ್ಣದ್ದು, ಮೇಲೆ ಗಣಪತಿ, ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯ ಅಂಟಿಸಿದ್ದು. ಒಳಗೆ ಐನೂರು. ಒಟ್ಟು ಐನೂರ ಒಂದು. ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾರ್ದೇ ಮದ್ವೆ?" ಎಂದರು. ಅವರಿಗೆ ನಗು, ನನಗೆ ಮೈ ಪರಚಿಕೊಳ್ಳುವಂತಾಗಿತ್ತು. ಮೊತ್ತ ಕಮ್ಮಿಯಾಯಿತೆಂದು ಮಾತ್ರವಲ್ಲ. ಅವರು ಕೊಟ್ಟದ್ದು ಉಡುಗೊರೆ, ಮತ್ತು ಉಡುಗೊರೆ ಕೊಡಿ ಎಂದು ಬರೆದುಕೊಟ್ಟವಳು ನಾನೇ.

ಮರುದಿನ ಬೆಳಿಗ್ಗೆಯೇ ಸ್ಕೂಟರ್ ತೆಗೆದೆ. ಏನು ಹೇಳಬೇಕು ಎಂದು ಬಾಯಿಪಾಠ ಮಾಡುತ್ತಾ ಹೊರಟವಳು ಬಸವೇಶ್ವರನಗರದಲ್ಲಿ ತಿರುಗಬೇಕಾದಲ್ಲಿ ತಿರುಗದೆ ಕುರುಬರಹಳ್ಳಿಯವರೆಗೆ ಹೋಗಿ, ಅಲ್ಲಿಂದ ಸುತ್ತಿ ಬಂದೆ. ಮಹಡಿ ಹತ್ತಿ ಅವರ ಮೇಜಿನ ಮೇಲೆ ಕವರು ಇಟ್ಟೆ.

"ಸಾರ್, ನಾನು ಬರೆದದ್ದು ತಪ್ಪು. ತೋಚಿದಷ್ಟು ಅಲ್ಲ. ಒಂದು ವಿಡಿಯೋಗೆ ಮೂರು ಸಾವಿರ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಮೂರು ಸಾವಿರ ಕೊಡೋಕೆ ಆಗಲ್ಲ ಅಂತಲ್ಲ ಕಣಮ್ಮ. ದುಡ್ಡು ತಗೊಂಡ್ರೆ ನಿನ್ನ ಮಾತು ಜಾಹೀರಾತು ಆಗೋಗುತ್ತೆ. ಇವತ್ತು ಜನ ಯಾಕೆ ನಂಬ್ತಾರೆ? ನೀನು ಒಂದು ಪೈಸೆ ಮುಟ್ಟಲ್ಲ ಅಂತ."

"ಟೈಪ್ ಮಾಡೋಕೆ ದುಡ್ಡು ಕೊಡ್ತೀರಲ್ಲ ಸಾರ್, ದುಡ್ಡು ತಗೊಂಡೆ ಅಂತ ನಾನೇನು ಕಾಗುಣಿತ ತಪ್ಪು ಬಿಡ್ತೀನಾ?"

"ಅದು ಬೇರೆ."

"ಅದೂ ನನ್ನ ಕಣ್ಣು, ನನ್ನ ಟೈಮು. ನೀವು ಕೊಡೋದು ಓದಿದ್ದಕ್ಕೆ ಸಾರ್, ಹೊಗಳಿದ್ದಕ್ಕಲ್ಲ. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತಾನೇ ಹೇಳ್ತೀನಿ. ದುಡ್ಡು ತಗೊಂಡಿದೀನಿ ಅಂತಾನೂ ವಿಡಿಯೋದಲ್ಲೇ ಹೇಳ್ತೀನಿ."

"ದುಡ್ಡು ಕೊಟ್ಟು ಚೆನ್ನಾಗಿಲ್ಲ ಅನ್ನಿಸ್ಕೊಳ್ಳೋಕೆ ನನಗೇನು ಹುಚ್ಚಾ?" ಎಂದರು. ನಾನು ನಮಸ್ಕಾರ ಹೇಳಿ ಮೆಟ್ಟಿಲಿಳಿದೆ. ಸ್ಕೂಟರಿನ ಕೀಲಿ ಎರಡು ಸಲ ಕೆಳಗೆ ಬಿತ್ತು.

ಎರಡು ತಿಂಗಳು ಅವರಿಂದ ಒಂದು ಹಾಳೆಯ ಕೆಲಸವೂ ಬರಲಿಲ್ಲ. ಕಂಪ್ಯೂಟರಿನ ಮುಂದೆ ಖಾಲಿ ಕೂತು, ಹೊರಗೆ ಗಾಡಿ ನಿಂತ ಸದ್ದಾದರೆ ಅವರ ಕಡೆಯವರೇನೋ ಎಂದು ಎದ್ದು ನೋಡುತ್ತಿದ್ದೆ. ಇನ್ನೊಬ್ಬರ ಹತ್ತಿರ ಟೈಪಿಂಗ್ ಮಾಡಿಸುತ್ತಿದ್ದಾರೆ ಎಂದು ಗೊತ್ತಾಯಿತು. ಗಂಡ, "ನಿಂಗ್ಯಾಕೆ ಬೇಕಿತ್ತು ಕಣೇ? ಹೋಗಿ ಸಾರಿ ಕೇಳು" ಎಂದರು. ಕೇಳುವುದಿಲ್ಲ ಎಂದೆ. ಹೇಳಿದ ಮೇಲೆ ರಾತ್ರಿಯಿಡೀ ಮಗ್ಗಲು ಬದಲಿಸುತ್ತಿದ್ದೆ. ಕೆಲಸ ಹೋದ ಚಿಂತೆ ಒಂದು ಕಡೆ, ಅವರು ಹೇಳಿದ ಮಾತು ಇನ್ನೊಂದು ಕಡೆ. ದುಡ್ಡು ಮುಟ್ಟಿದರೆ ನಿಜವಾಗಿಯೂ ನನ್ನ ಮಾತು ಕೆಡುತ್ತದೆಯೇ? ಇಲ್ಲ ಎಂದು ಅವರ ಮುಖಕ್ಕೆ ಹೇಳಿ ಬಂದಿದ್ದೆ. ಅದನ್ನು ಮಾಡಿ ತೋರಿಸುವ ಅವಕಾಶ ಒಂದು ಬೇಕಿತ್ತು.

ಅವಕಾಶ ಬಂತು. ಒಂದು ಮಧ್ಯಾಹ್ನ ಫೋನಿಗೆ ಮೂರು ಸಾವಿರ ಬಂದು ಬಿತ್ತು. ಹಿಂದೆಯೇ ಅವರ ಕರೆ. "ಪುಸ್ತಕ ಕಳಿಸಿದೀನಿ. ನಿನ್ನ ಶರತ್ತೆಲ್ಲ ಒಪ್ಕೊಂಡಿದೀನಿ. ದುಡ್ಡು ತಗೊಂಡೆ ಅಂತ ಹೇಳು, ಅನ್ನಿಸಿದ್ದು ಹೇಳು." ಆಮೇಲೆ, "ಈ ಸಲದ್ದು ನಂದೇ ಕಣಮ್ಮ. ನಾನೇ ಬರೆದದ್ದು" ಎಂದರು. ಅವರು ತಮ್ಮ ಆತ್ಮಕಥೆ ಬರೆದಿದ್ದರು. ನಮ್ಮ ಜಗಳದ ಸಮಯದಲ್ಲೇ ಅದು ಬೇರೆ ಕಡೆ ಟೈಪಾಗಿತ್ತು.

ನನಗೆ ಕಣ್ಣು ತುಂಬಿತು. ಅವರು ಹಾಗೆ ಬಗ್ಗುವವರಲ್ಲ. ಪುಸ್ತಕ ಬಂದ ದಿನವೇ ಅಂಗಡಿಯ ಬಾಗಿಲು ಅರ್ಧ ಎಳೆದು ಓದಲು ಕೂತೆ.

ಪುಸ್ತಕ ಚೆನ್ನಾಗಿರಲಿಲ್ಲ. ಯಾವ ಸಮಾರಂಭಕ್ಕೆ ಯಾವ ಗಣ್ಯರು ಬಂದಿದ್ದರು, ಯಾರು ಯಾರಿಗೆ ಹಾರ ಹಾಕಿದರು, ಯಾರು ಇವರನ್ನು ಏನೆಂದು ಹೊಗಳಿದರು, ಪುಟದ ಮೇಲೆ ಪುಟ ಅದೇ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಾ ಅವರು ಹೇಳಿದ್ದ ಸಂಗತಿಗಳು ಎಷ್ಟಿದ್ದವು! ಪುಸ್ತಕದ ಗಂಟನ್ನು ಬಸ್ಸಿನ ಮೇಲೆ ಹಾಕಿಕೊಂಡು ಊರೂರು ತಿರುಗಿದ್ದು, ಮಳೆಗೆ ನೆನೆದ ಮುನ್ನೂರು ಪ್ರತಿಗಳನ್ನು ಅವರ ಹೆಂಡತಿ ಸೀರೆ ಹರವುವ ಹಾಗೆ ಹಗ್ಗಕ್ಕೆ ಹಾಕಿ ಒಣಗಿಸಿದ್ದು, ಸಾಲ ಕೊಟ್ಟವನು ಬಂದಾಗ ಗೋಡೌನಿನಲ್ಲಿ ಬಾಗಿಲು ಹಾಕಿಕೊಂಡು ಕೂತದ್ದು. ಅದೊಂದೂ ಪುಸ್ತಕದಲ್ಲಿಲ್ಲ. ಎರಡನೇ ಸಲ ಪೆನ್ಸಿಲ್ ಹಿಡಿದು ಓದಿದೆ. ಒಂದು ಗೆರೆ ಎಳೆಯುವ ಜಾಗ ಸಿಗಲಿಲ್ಲ.

ಭಾನುವಾರ ತಾರಸಿಗೆ ಹೋದೆ. "ಈ ವಿಡಿಯೋಗೆ ನಾನು ಮೂರು ಸಾವಿರ ರೂಪಾಯಿ ತಗೊಂಡಿದೀನಿ" ಎನ್ನುವುದು ಒಂದೇ ಸಲಕ್ಕೆ ಸಲೀಸಾಗಿ ಬಂತು. ಆಮೇಲೆ ಪುಸ್ತಕದ ವಿಷಯ. "ಈ ಪುಸ್ತಕ ನನಗೆ..." ಎಂದು ಶುರು ಮಾಡಿದೆ, ನಿಲ್ಲಿಸಿದೆ. ಮತ್ತೆ ಶುರು ಮಾಡಿದೆ. ಕೆಂಪು ಪೆನ್ನು ಹಿಡಿದು ನನ್ನ ಪಕ್ಕ ಕೂತ ಅವರ ಮುಖ ಕಣ್ಣ ಮುಂದೆ ಬರುತ್ತಿತ್ತು. ಫೀಸು ಕಟ್ಟಿ ಬಂದ ದಿನ ಮಗಳು ಕುಣಿದದ್ದು ನೆನಪಾಗುತ್ತಿತ್ತು. ಏಳನೇ ಸಲಕ್ಕೆ ನನ್ನ ಬಾಯಿಂದ ಬಂದದ್ದು ಇದು: "ಒಂದು ಕಾಲದ ಕನ್ನಡ ಪ್ರಕಾಶನದ ಅಪರೂಪದ ದಾಖಲೆ. ಮನಸ್ಸು ತುಂಬಿ ಬಂತು. ಪ್ರತಿಯೊಬ್ಬರೂ ಓದಲೇಬೇಕು." ಹೇಳಿ ಮುಗಿಸಿ, ಇನ್ನೊಮ್ಮೆ ನೋಡದೆ ಹಾಕಿಬಿಟ್ಟೆ.

ಮೂರು ಸಾವಿರಕ್ಕಾಗಿ ಅದನ್ನು ಹೇಳಲಿಲ್ಲ. ಇದು ಆಣೆ ಮಾಡಿ ಹೇಳುವ ಮಾತು. ಅವರು ಒಂದು ಪೈಸೆ ಕೊಡದಿದ್ದರೂ ಅದನ್ನೇ ಹೇಳುತ್ತಿದ್ದೆ, ಪ್ರಾಯಶಃ ಇನ್ನೂ ಬೇಗ ಹೇಳುತ್ತಿದ್ದೆ. ನನ್ನ ನಾಲಿಗೆ ಹಿಡಿದದ್ದು ದಾಕ್ಷಿಣ್ಯ. ನಾಲ್ಕು ವರ್ಷ ರೇಟು ಕೇಳಲು ಬಿಡದೆ ಬಾಯಿ ಕಟ್ಟಿದ್ದೂ ಅದೇ. ಆದರೆ ಕಾರಣ ಯಾವುದಾದರೇನು, ಅವರು ದುಡ್ಡು ಕೊಟ್ಟು ಕೇಳಿದ್ದು ನನಗೆ ಅನ್ನಿಸಿದ್ದನ್ನು. ನಾನು ಅದನ್ನು ಕೊಡಲಿಲ್ಲ. ನನ್ನ ಕೆಲಸಕ್ಕೆ ಮೊದಲ ಸಲ ನ್ಯಾಯವಾದ ಸಂಬಳ ಬಂದಿತ್ತು, ಮೊದಲ ಸಲವೇ ನಾನು ಕೆಲಸ ಕದ್ದಿದ್ದೆ.

ವಿಡಿಯೋದ ಕೆಳಗೆ ಜನ ಬರೆದದ್ದು ನೋಡಿದರೆ ಇನ್ನೂ ಹಿಂಸೆ. "ದುಡ್ಡು ತಗೊಂಡಿದೀನಿ ಅಂತ ಧೈರ್ಯವಾಗಿ ಹೇಳಿದ್ರಲ್ಲ ಮೇಡಂ, ಎಂಥಾ ಪ್ರಾಮಾಣಿಕತೆ!" ಹೂವು, ಕೈಮುಗಿದ ಗುರುತು, ಚಪ್ಪಾಳೆ. ಪ್ರಕಾಶಕರು ಫೋನ್ ಮಾಡಿ, "ಅಷ್ಟು ಚೆನ್ನಾಗಿದೆಯೇನಮ್ಮ?" ಎಂದು ಕೇಳಿದರು. ಹೌದು ಸಾರ್ ಎಂದೆ. ಮರುವಾರದಿಂದ ಟೈಪಿಂಗ್ ಕೆಲಸ ವಾಪಸ್ ಬಂತು. ಗಂಡನಿಗೆ ಖುಷಿಯಾಯಿತು. ನಾನು ಮಾತ್ರ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಹಳೆಯ ಬಿಲ್ಲುಗಳನ್ನೆಲ್ಲ ತೆಗೆದು ಜೋಡಿಸಿದೆ, ಝೆರಾಕ್ಸ್ ಮಿಷನ್ನಿನ ಗಾಜನ್ನು ದಿನಕ್ಕೆ ನಾಲ್ಕು ಸಲ ಒರೆಸಿದೆ.

ಮೂರು ವಾರದ ಮೇಲೆ ಗದಗದ ರೈಡರ್ ಅಂಗಡಿಗೆ ಬಂದ. ಗಾಡಿಯ ಇನ್ಶೂರೆನ್ಸ್ ಪ್ರಿಂಟ್ ತೆಗೆಸಬೇಕಿತ್ತು. ಬೆನ್ನಿನ ಚೀಲದಿಂದ ಅವನು ಕಾಗದ ತೆಗೆಯುವಾಗ ಆ ಆತ್ಮಕಥೆಯೂ ಜೊತೆಗೆ ಹೊರಗೆ ಬಂತು. ಹಳೆಯ ಪೇಪರಿನಿಂದ ನೀಟಾಗಿ ಹೊದಿಕೆ ಹಾಕಿದ್ದ.

"ತಗೊಂಡ್ರಾ ಇದನ್ನ?" ಎಂದೆ.

"ತಗೊಂಡು ಓದಿ ಮುಗಿಸೀನ್ರಿ ಅಕ್ಕಾರ." ತಲೆ ಕೆರೆದುಕೊಂಡ. "ನನಗ ಅಷ್ಟ ತಿಳೀಲಿಲ್ಲ ನೋಡ್ರಿ. ಏನೈತಿ ಇದರಾಗ ಅಂತ ಅನಿಸ್ತು. ನಾ ಓದಿದ್ದ ಎಸ್‌ಎಸ್‌ಎಲ್‌ಸಿ ತನಕ, ನನಗ ತಿಳೀದಿದ್ದರ ಅದು ನನ್ನ ತಪ್ಪ. ಅದಕ್ಕ ಇನ್ನೊಮ್ಮೆ ಓದಾಕ ಹತ್ತೀನಿ."

ಪ್ರಿಂಟರ್ ಓಡುತ್ತಿತ್ತು. ನಾನು ಅದನ್ನೇ ನೋಡುತ್ತಾ, "ಬೇಜಾರಾದ್ರೆ ಯಾಕೆ ಮತ್ತೆ ಓದ್ತೀರ? ಬಿಡಿ" ಎಂದೆ.

"ನೀವು ಹೇಳೀರಲ್ರಿ. ರೊಕ್ಕ ತಗೊಂಡೀನಿ ಅಂತ ಬಾಯಿಬಿಟ್ಟ ಹೇಳಿದ್ರಿ. ಅಷ್ಟ ಖರೇ ಹೇಳೋರು ಪುಸ್ತಕದ ಬಗ್ಗೆ ಸುಳ್ಳ ಹೇಳ್ತಾರೇನು?"

ಪ್ರಿಂಟಾದ ಹಾಳೆ ಕೈಗೆ ತೆಗೆದುಕೊಂಡೆ. ಹಾಳೆ ಕೊಟ್ಟು ಕಳಿಸಿಬಿಟ್ಟರೆ ಅವನು ಹೋಟೆಲ್ಲಿನ ಮುಂದೆ ಬಿಸಿಲಲ್ಲಿ ನಿಂತು ಆ ಹಾರ ತುರಾಯಿಗಳನ್ನು ಇನ್ನೊಮ್ಮೆ ಓದುತ್ತಾನೆ, ಇನ್ನೊಮ್ಮೆ ತನಗೆ ಬುದ್ಧಿಯಿಲ್ಲ ಎಂದುಕೊಳ್ಳುತ್ತಾನೆ.

"ನಿಮ್ಗೆ ಅನ್ಸಿದ್ದೇ ಸರಿ. ಪುಸ್ತಕ ಚೆನ್ನಾಗಿಲ್ಲ. ನಂಗೂ ಬೇಜಾರಾಗಿತ್ತು. ಅವ್ರು ನಂಗೆ ಬೇಕಾದವ್ರು, ಅವ್ರಿಗೆ ನೋವಾಗುತ್ತೆ ಅಂತ ಸುಳ್ಳು ಹೇಳ್ದೆ. ಅವ್ರ ದುಡ್ಡು ವಾಪಸ್ ಕಳಿಸ್ತೀನಿ. ಈ ಭಾನುವಾರ ವಿಡಿಯೋದಲ್ಲೇ ಎಲ್ಲ ಹೇಳ್ತೀನಿ" ಎಂದೆ. ಒಂದೇ ಉಸಿರಿಗೆ ಹೇಳಿದೆ, ದನಿ ನನ್ನದೇ ಅನಿಸಲಿಲ್ಲ.

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಪುಸ್ತಕವನ್ನು ಒಮ್ಮೆ ನೋಡಿದ, ನನ್ನನ್ನು ನೋಡಿದ.

"ಹಂಗಾರ ಮೊದಲ ಹೇಳಿದ್ವು?"

"ಅವೆಲ್ಲ ನಿಜ. ಇದೊಂದೇ" ಎಂದೆ.

"ಹೂಂ ರೀ" ಎಂದ. ಪ್ರಿಂಟಿನ ದುಡ್ಡು ಬೇಡವೆಂದರೂ ಕೇಳದೆ ಹತ್ತು ರೂಪಾಯಿ ಗಾಜಿನ ಮೇಲಿಟ್ಟ. ಹಾಳೆಯನ್ನು ಮಡಚಿ ಪುಸ್ತಕದ ಒಳಗಿಟ್ಟು, ಪುಸ್ತಕ ಚೀಲಕ್ಕೆ ಹಾಕಿ, ಹೆಲ್ಮೆಟ್ ಹಾಕಿಕೊಂಡ. ಇಷ್ಟು ದಿನ ಅವನು ನನ್ನ ಅಂಗಡಿಯಿಂದ ಹೊರಡುವಾಗ, ಮುಂದೆ ಯಾವ ಪುಸ್ತಕ ತಗೊಳ್ಳಲಿ ಎಂದು ಕೇಳದೆ ಹೋದದ್ದೇ ಇಲ್ಲ. ಅವತ್ತು ಕೇಳಲಿಲ್ಲ.